ಚಿಂಚವಾಡಿಯ ಜಸ್ತ

ಏಕನಾಥನಿಗೆ ಹಿತ್ತಾಳೆ ಕಂಡರೆ ಆಗುತ್ತಿರಲಿಲ್ಲ. ಹಿತ್ತಾಳೆಯ ತಂಬಿಗೆ, ಹಿತ್ತಾಳೆಯ ಜರಡಿ, ತಗಡಿನ ಬಕೆಟ್ಟು, ಹೆಂಗಸರ ಬೆರಳಿನ ಉಂಗುರ, ಯಾವುದೂ ಅವನ ಕ್ಯಾಂಪಿನ ಅಂಗಳಕ್ಕೆ ಬರಕೂಡದು. ಮಣ್ಣು ತಂದವರು ಬಾಗಿಲಲ್ಲೇ ಕೈ ತೊಳೆಯಬೇಕು. ತಂದ ಮಣ್ಣನ್ನು ಬಟ್ಟೆಯ ಮೇಲೇ ಒಣಗಿಸಬೇಕು, ನೈಲಾನಿನ ಜರಡಿಯಲ್ಲೇ ಸೋಸಬೇಕು. ಚಿಂಚವಾಡಿಯ ಮುದುಕಿಯರಿಗೆ ಇದೊಂದು ದೊಡ್ಡ ತಮಾಷೆಯಾಗಿತ್ತು.

"ನಮ್ಮ ಕೇರಿ ಹುಡುಗ ಸಾಲಿ ಕಲ್ತು ಬಂದು ನಮಗೇ ಮಡಿ ಹೇಳ್ಲಕತ್ತಾನ ನೋಡ್ರಿ," ಎಂದು ಶೇವಂತಾಬಾಯಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಮಡಿಯೇ ಅನ್ನಿ. ಆದರೆ ಈ ಮಡಿಗೆ ಕಾರಣವಿತ್ತು. ಏಕನಾಥ ಹುಡುಕುತ್ತಿದ್ದುದು ಸತು ಮತ್ತು ಸೀಸ. ಸತುವಿಗೆ ಬೀದರದ ಕಡೆ ಜಸ್ತ ಎನ್ನುತ್ತಾರೆ. ಹಿತ್ತಾಳೆಯಲ್ಲಿ ಜಸ್ತವಿದೆ, ತಗಡಿನ ಬಕೆಟ್ಟಿನ ಮೇಲಿನ ಹೊಳಪೂ ಜಸ್ತವೇ. ಹೊಲದ ಮಣ್ಣಿನಲ್ಲಿ ಅದು ಇದ್ದರೂ ಎಷ್ಟಿರುತ್ತದೆ? ಒಂದು ಚೀಲ ಮಣ್ಣಿಗೆ ಉಗುರಿನ ಮೇಲಿನ ಧೂಳಿನಷ್ಟು. ಅಷ್ಟನ್ನು ಹೈದರಾಬಾದಿನ ಪ್ರಯೋಗಶಾಲೆಯವರು ಅಳೆದು ಹೇಳುತ್ತಿದ್ದರು. ಯಾರದೋ ಉಂಗುರ ಸವೆದು ಒಂದು ಕಣ ಬಿದ್ದರೂ ಲೆಕ್ಕವೆಲ್ಲ ತಲೆಕೆಳಗಾಗುತ್ತಿತ್ತು.

ಇದನ್ನು ಅವನು ಎಲ್ಲರಿಗಿಂತ ಹೆಚ್ಚು ಬಿಡಿಸಿ ಹೇಳಿದ್ದು ತನ್ನ ಅಕ್ಕ ಜಿಜಾಬಾಯಿಗೆ. ಕ್ಯಾಂಪಿನ ಅಡುಗೆ ಅವಳದು, ಅಂಗಳದ ಕಾವಲೂ ಅವಳದೇ. ಮೊದಲ ದಿನವೇ ಅವಳ ಉಂಗುರವನ್ನು ತಾನೇ ಬೆರಳಿನಿಂದ ಎಳೆದು ತೆಗೆದಿದ್ದ.

"ಇಷ್ಟು ಸಣ್ಣ ಕಣಕ್ಕ ಏನಾಗ್ತದೋ ತಮ್ಮಾ?"

"ಮಣ್ಣು ಸುಳ್ಳು ಹೇಳ್ತದ ಅಕ್ಕಾ. ಇಲ್ಲದ್ದು ಅದ ಅಂತದ."

"ಹಂಗೇನು!" ಎಂದಿದ್ದಳು ಜಿಜಾಬಾಯಿ, ಕಣ್ಣು ದೊಡ್ಡದು ಮಾಡಿ. ತಮ್ಮ ಹೇಳಿದ್ದನ್ನೆಲ್ಲ ಅವಳು ಹಾಗೆಯೇ ಕಣ್ಣು ದೊಡ್ಡದು ಮಾಡಿ ಕೇಳುತ್ತಿದ್ದಳು. ಅವನಿಗೆ ಅದು ಬಹಳ ಹಿತವಾಗುತ್ತಿತ್ತು.

ತಾಯಿ ಸತ್ತಾಗ ಏಕನಾಥ ಇನ್ನೂ ಅಂಬೆಗಾಲಿನವನು. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಜಿಜಾಬಾಯಿ ಅವನನ್ನು ಸೊಂಟದ ಮೇಲೆ ಹೊತ್ತು ಬೀದರಕ್ಕೆ ಹೋಗಿ, ಮೈಲೂರಿನಲ್ಲಿ ಒಂದು ಕೋಣೆ ಹಿಡಿದಳು. ಮಹಮೂದಾ ಬೇಗಂ ಎಂಬಾಕೆಯ ಬಿದರಿ ಕಾರಖಾನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಎರಕ ಹೊಯ್ದ ಹೂಜಿ, ಹೂದಾನಿಗಳಿಗೆ ಅರ ಹಾಕಿ ನುಣುಪು ಮಾಡುವುದು. ಹದಿನಾರು ಪಾಲು ಜಸ್ತ, ಒಂದು ಪಾಲು ತಾಮ್ರ: ಬಿದರಿ ಎರಕದ ಈ ಲೆಕ್ಕ ಆ ಓಣಿಯ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುತ್ತಿತ್ತು, ಏಕನಾಥನಿಗೂ ಬಂದಿತ್ತು. ಅರದ ಪುಡಿ ಮೂಗಿಗೆ ಹೋಗಿ ಅಕ್ಕ ಕೆಮ್ಮಿದಳು, ತಮ್ಮ ಓದಿದ. ಬೀದರದಲ್ಲಿ ಓದಿ, ಔರಂಗಾಬಾದಿನಲ್ಲಿ ಓದಿ, ಭೂಗರ್ಭ ಶಾಸ್ತ್ರ ಮುಗಿಸಿ, ಖನಿಜ ಹುಡುಕುವ ಒಂದು ಕಂಪನಿಯಲ್ಲಿ ಸಾಹೇಬನಾದ.

ಸಾಹೇಬನಾದವನು ಸುಮ್ಮನಿರಬೇಕಲ್ಲ. ಅವನ ತಲೆಗೊಂದು ಹುಳ ಹೊಕ್ಕಿತ್ತು. ಔರಾದ ತಾಲ್ಲೂಕಿನ ತುಂಬ ಎಲ್ಲಿ ಅಗೆದರೂ ಕರಿಕಲ್ಲು. ಎಂದೋ ಭೂಮಿ ಬಿರಿದು ಹರಿದ ಬೆಂಕಿಯ ಕೆಸರು ಆರಿ ಆದ ಕಲ್ಲು. ಅದರ ಕೆಳಗೆ ಅದಕ್ಕೂ ಹಳೆಯದಾದ ಸಮುದ್ರದ ತಳವಿದೆ, ಸುಣ್ಣಗಲ್ಲಿನ ಪದರಗಳಿವೆ, ಆ ಪದರಗಳ ನಡುವೆ ಸಮುದ್ರದ ಕೆಸರಿನ ಜೊತೆಗೇ ಕೂತ ಸತು ಸೀಸ ಇವೆ ಎಂದು ಏಕನಾಥ ಹೇಳುತ್ತಿದ್ದ. ಚಿಂಚವಾಡಿಯ ಹಳ್ಳದ ಗುಂಟ ಕರಿಕಲ್ಲು ಸೀಳಿದೆ, ಆ ಸೀಳಿನಿಂದ ಮೇಲೇರಿದ ನೀರು ಒಂದಿಷ್ಟು ಸತುವನ್ನು ಮಣ್ಣಿಗೆ ತಂದಿರಬೇಕು ಎಂದೂ ವಾದಿಸುತ್ತಿದ್ದ. ಚಿಂಚವಾಡಿ ಅವನು ಹುಟ್ಟಿದ ಊರು. ಇದನ್ನು ಕೇಳಿ ಕಂಪನಿಯ ಭಾಲ್ಕಿ ಕಚೇರಿಯ ಮುಖ್ಯಸ್ಥ ಶಿವರಾಜಪ್ಪನವರು ಮೀಸೆಯೊಳಗೇ ನಕ್ಕಿದ್ದರು.

"ಎಲ್ಲಾರಿಗೂ ತಮ್ಮ ಊರಾಗೇ ಬಂಗಾರ ಅದ ಅನಸ್ತದರಿ ಏಕನಾಥ. ಮಳಿಗಾಲ ಮುಗಿಯೂ ತನಕ ಹುಡುಕ್ರಿ. ಸಿಗಲಿಲ್ಲಂದ್ರ ಡೇರೆ ಕಿತ್ತು ಬರ್ರಿ."

ಮಳೆಗಾಲ ಎಂಬುದು ಹೆಸರಿಗಷ್ಟೆ. ಎಪ್ಪತ್ತೆರಡರ ಆ ವರ್ಷ ಮಿರಗದ ಮಳೆಯೂ ಇಲ್ಲ, ಮಘೆಯೂ ಇಲ್ಲ. ಬಾವಿಗಳು ತಳ ಕಂಡಿದ್ದವು. ಸರ್ಕಾರ ಹಂಚಿದ ಕೆಂಪು ಜೋಳದ ರೊಟ್ಟಿ ತಟ್ಟಲು ಬಾರದೆ ಹೆಂಗಸರು ಬೈಯುತ್ತಿದ್ದರು. ಊರಿಗೆ ಊರೇ ಗಂಟು ಕಟ್ಟುತ್ತಿತ್ತು. ಕಬ್ಬು ಕಡಿಯಲು ಆಳುಗಳನ್ನು ಮಹಾರಾಷ್ಟ್ರಕ್ಕೆ ಒಯ್ಯುವ ಮುಕಾದಮ ಪಂಢರಿ ದಸರೆಗೆ ಮುಂಚೆಯೇ ಬಂದು ಹುಣಸೆ ಮರದ ಕೆಳಗೆ ಕೂತಿದ್ದ. ಭಾಲ್ಕಿಯಿಂದ ರೈಲು, ಮುಂದೆ ಲಾರಿ, ಅಲ್ಲಿ ಕಬ್ಬಿನ ಸೋಗೆಯ ಗುಡಿಸಲು. ಹೋದವರಲ್ಲಿ ಎಲ್ಲರೂ ತಿರುಗಿ ಬರುವುದಿಲ್ಲವೆಂಬುದು ಊರಿಗೆ ಗೊತ್ತಿತ್ತು. ಹಿಂದಿನ ಸಲ ಶೇವಂತಾಬಾಯಿಯ ಸೊಸೆ ಹೆರಿಗೆಯಲ್ಲಿ ಅಲ್ಲಿಯೇ ತೀರಿಕೊಂಡಿದ್ದಳು.

ಪಂಢರಿ ಆಳುಗಳನ್ನು ಕರೆದೊಯ್ಯಬೇಕಿದ್ದ ವಾರವೇ ಹೈದರಾಬಾದಿನಿಂದ ತಂತಿ ಬಂತು. ಹಳ್ಳದ ಗುಂಟ ತೆಗೆದ ಮಣ್ಣಿನಲ್ಲಿ ಸತು ಇದೆ. ಸುತ್ತಲಿನ ಹೊಲಗಳ ಮಣ್ಣಿನಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಇದೆ.

ಏಕನಾಥ ತಂತಿಯನ್ನು ಓದಿದ, ತಿರುಗಿ ಓದಿದ, ಆಮೇಲೆ ಅಡುಗೆಮನೆಗೆ ಓಡಿ ಹೋಗಿ ರೊಟ್ಟಿ ತಟ್ಟುತ್ತಿದ್ದ ಅಕ್ಕನನ್ನು ಹಿಟ್ಟಿನ ಕೈ ಸಮೇತ ಎತ್ತಿ ತಿರುಗಿಸಿದ. ಎಲ್ಲಿ ಸಿಗುತ್ತದೆ ಎಂದು ಅವನು ನಕ್ಷೆಯ ಮೇಲೆ ಗೆರೆ ಎಳೆದಿದ್ದನೋ ಸರಿಯಾಗಿ ಅಲ್ಲಿಯೇ ಸಿಕ್ಕಿತ್ತು, ಒಂದು ಹೊಲ ಆಚೆಯಿಲ್ಲ, ಈಚೆಯಿಲ್ಲ.

"ನಾ ಅಂದಿದ್ದಿಲ್ಲೇನು?" ಎಂದಳು ಜಿಜಾಬಾಯಿ ಉಸಿರು ಹಿಡಿದು. "ಸಿಗ್ತದ ತಮ್ಮಾ ಸಿಗ್ತದ ಅಂತ ಹೇಳ್ತೇ ಬಂದೀನಿ. ನೀ ಅಂದಿ ಅಂದ್ರ ಅದು ಇದ್ದೇ ಇರ್ತದ."

ಜಗತ್ತಿನಲ್ಲಿ ಹಾಗೆ ಹೇಳಿದ್ದು ಅವಳೊಬ್ಬಳೇ. ಕಾಲೇಜಿನ ಗುರುಗಳು ಮೂಗು ಮುರಿದಿದ್ದರು, ಜೊತೆಯವರು ಬೆನ್ನ ಹಿಂದೆ ನಕ್ಕಿದ್ದರು. ಏನೂ ಓದದ ಈ ಹೆಂಗಸು ಮಾತ್ರ ಅವನನ್ನು ನಂಬಿದಳು. ಗೆದ್ದ ಖುಷಿಗಿಂತ ಈ ಖುಷಿ ಏಕನಾಥನಿಗೆ ದೊಡ್ಡದಾಗಿತ್ತು. ಎಂದಾದರೂ ಗಣಿ ಆದರೆ ಅದಕ್ಕೆ ಜಿಜಾಬಾಯಿಯ ಹೆಸರಿಡಬೇಕು ಎಂದು ಆ ಸಂಜೆಯೇ ನಿಶ್ಚಯಿಸಿಕೊಂಡ.

ಮುಂದಿನದು ಬೇಗ ಬೇಗ ಆಯಿತು. ಕಂಪನಿ ಕಂದಕ ತೋಡಲು ಒಪ್ಪಿತು. ಕಂದಕಕ್ಕೆ ಕೈ ಬೇಕು. ಗಂಡಸರು ಗುದ್ದಲಿ ಹಿಡಿದರು, ಹೆಂಗಸರು ಬುಟ್ಟಿ ಹೊತ್ತರು. ಪಂಢರಿ ಹುಣಸೆ ಮರದ ಕೆಳಗಿಂದ ಎದ್ದು ಧೋತರ ಜಾಡಿಸಿಕೊಂಡ.

"ಈ ಜಸ್ತ ನಿಮಗ ಎಷ್ಟು ದಿನ ಅನ್ನ ಹಾಕ್ತದ ನಾನೂ ನೋಡ್ತೀನಿ. ನಡುವ ಬಂದು ಕಾಲ ಹಿಡದ್ರ ನಾ ಒಯ್ಯೂದಿಲ್ಲ ಮತ್ತ."

"ನಮ್ಮ ಹುಡುಗ ಅನ್ನ ಹಾಕ್ತಾನ, ನೀ ನಡಿ," ಎಂದು ಅವನ ಬೆನ್ನಿಗೆ ಕೂಗಿದವಳು ಜಿಜಾಬಾಯಿಯೇ. ಊರಿನವರೆಲ್ಲ ಚಪ್ಪಾಳೆ ಹೊಡೆದರು.

ಕಂದಕದ ಮಣ್ಣೂ ಅದೇ ಅಂಗಳದಲ್ಲಿ ಒಣಗಿತು, ಅದರಲ್ಲೂ ಸತು ಬಂತು. ಚಳಿಗಾಲ ಕಳೆಯುವಷ್ಟರಲ್ಲಿ ಕೊರೆಯುವ ಯಂತ್ರ ಬಂತು. ಅದನ್ನು ನಡೆಸುವವನು ಬೀದರದ ಮುಜೀಬೋದ್ದೀನ, ಮಾತಿಗೆ ಮುಂಚೆ ನಗುವ ಆಸಾಮಿ. ಯಂತ್ರಕ್ಕೆ ನೀರು ಬೇಕೆಂದು ಮಾಂಜ್ರಾ ನದಿಯಿಂದ ಟ್ಯಾಂಕರು ಬರುತ್ತಿತ್ತು. ಅರ್ಧ ನೀರು ಯಂತ್ರಕ್ಕೆ, ಅರ್ಧ ಊರಿನ ಕೊಡಗಳಿಗೆ. ಇದು ಕಂಪನಿಗೆ ಗೊತ್ತಿರಲಿಲ್ಲ, ಏಕನಾಥ ಹೇಳಲೂ ಇಲ್ಲ. ಸುತ್ತಲಿನ ವಾಡಿಗಳು ಬರಿದಾಗಿ ನಾಯಿಗಳು ಮಾತ್ರ ಉಳಿದಿದ್ದಾಗ ಚಿಂಚವಾಡಿಯ ಒಲೆಗಳು ಉರಿಯುತ್ತಿದ್ದವು. ಬೆಳಗಾದರೆ ಮುದುಕಿಯರು ಯಂತ್ರಕ್ಕೆ ಕೈ ಮುಗಿದು ನೀರಿಗೆ ಪಾಳಿ ಹಚ್ಚುತ್ತಿದ್ದರು.

ಯಂತ್ರವನ್ನು ಕಳಿಸುವಾಗ ಕಂಪನಿ ಒಂದು ಶರತ್ತು ಹಾಕಿತ್ತು. ಹಿಂದಿನ ಪರೀಕ್ಷೆಗಳಲ್ಲಿ ಉಳಿದ ಮಣ್ಣನ್ನು ಸತುವಿಗಷ್ಟೇ ಅಲ್ಲ, ಸೀಸ ಮತ್ತು ತಾಮ್ರಕ್ಕೂ ಪರೀಕ್ಷಿಸಬೇಕು. ಏಕನಾಥ ಸಂತೋಷದಿಂದಲೇ ಒಪ್ಪಿದ್ದ. ಸಮುದ್ರದ ತಳದಲ್ಲಿ ಸತು ಇದ್ದಲ್ಲಿ ಸೀಸ ಜೊತೆಗಿರುತ್ತದೆ, ಇನ್ನೇನು, ತನ್ನ ಮಾತಿಗೆ ಇನ್ನೊಂದು ಸಾಕ್ಷಿ ಸಿಕ್ಕಂತಾಯಿತು ಎಂದುಕೊಂಡಿದ್ದ.

ಆ ಪರೀಕ್ಷೆಯ ಫಲಿತಾಂಶ ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ. ಬೇವಿನ ನೆರಳಿನಲ್ಲಿ ಕೂತು ಏಕನಾಥ ನೋಡಿದ. ಸೀಸ ಇಲ್ಲ. ಎಲ್ಲಿಯೂ ಇಲ್ಲ. ಹೋಗಲಿ, ನೀರಿನ ಜೊತೆ ಸೀಸ ಅಷ್ಟು ಸಲೀಸಾಗಿ ಮೇಲೇರುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ತಾಮ್ರ ಇತ್ತು. ಸತು ಹೆಚ್ಚಿದ್ದಲ್ಲಿ ತಾಮ್ರವೂ ಹೆಚ್ಚು, ಸತು ಕಡಿಮೆಯಿದ್ದಲ್ಲಿ ತಾಮ್ರವೂ ಕಡಿಮೆ. ಕರಿಮಣ್ಣಿನಲ್ಲಿ ಸಹಜವಾಗಿ ಇರುವಷ್ಟನ್ನು ಕಳೆದು ಉಳಿದದ್ದನ್ನು ಲೆಕ್ಕ ಹಾಕಿದ. ಒಂದು ಹೊಲದ ಮಣ್ಣು ನೋಡಿದ, ಇನ್ನೊಂದರದು ನೋಡಿದ, ಕಂದಕದ್ದು ನೋಡಿದ. ಎಲ್ಲ ಕಡೆ ಒಂದೇ ಉತ್ತರ ಬಂತು. ಹದಿನಾರಕ್ಕೊಂದು.

ಬೇರೆ ಊರಿನ ಭೂಗರ್ಭ ಶಾಸ್ತ್ರಜ್ಞನಾಗಿದ್ದರೆ ಇದು ಯಾವ ವಿಚಿತ್ರ ಖನಿಜ ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಏಕನಾಥ ಬೀದರದ ಓಣಿಯಲ್ಲಿ ಬೆಳೆದವನು. ಭೂಮಿ ಹೀಗೆ ತೂಕ ಮಾಡಿ ಬೆರೆಸುವುದಿಲ್ಲ. ಹೀಗೆ ಬೆರೆಸುವವರು ಬಿದರಿ ಎರಕದವರು.

ಜಿಜಾಬಾಯಿ ಅಂದು ಕ್ಯಾಂಪಿನಲ್ಲಿರಲಿಲ್ಲ. ಕಾರಖಾನೆಯ ತನ್ನ ಜಾಗ ಹೋಗಬಾರದೆಂದು ವಾರಕ್ಕೊಮ್ಮೆ ಬೀದರಕ್ಕೆ ಹೋಗಿ ಒಂದು ದಿನ ಅರ ಹಾಕಿ ಬರುತ್ತಿದ್ದಳು. ಏಕನಾಥ ಮರುದಿನ ಮೊದಲ ಬಸ್ಸಿಗೆ ಬೀದರಕ್ಕೆ ಹೋದ. ದಾರಿಯುದ್ದಕ್ಕೂ ತಾನು ತಪ್ಪು ತಿಳಿದಿರಲಿ ಎಂದು ಬೇಡಿಕೊಂಡ. ಅವಳ ಸೀರೆಗೆ ಅಂಟಿದ ಪುಡಿ ತಾನಾಗಿ ಬಿದ್ದಿರಬಹುದು, ಪಾಪ ಅವಳಿಗೇನು ಗೊತ್ತು ಎಂದು ಅವಳ ಪರವಾಗಿ ತಾನೇ ವಕೀಲಿ ಮಾಡಿದ. ಹಾಗೆ ಬಿದ್ದಿದ್ದರೆ ಹಳ್ಳದ ಗುಂಟದ ಮಣ್ಣಿಗಷ್ಟೇ ಯಾಕೆ ಬೀಳಬೇಕು ಎಂಬ ಪ್ರಶ್ನೆಗೆ ಮಾತ್ರ ಅವನ ವಕೀಲಿಯಲ್ಲಿ ಉತ್ತರ ಇರಲಿಲ್ಲ.

ಕಾರಖಾನೆಯ ಹೊಸ್ತಿಲಲ್ಲಿ ಮಹಮೂದಾ ಬೇಗಂ ಅಡಿಕೆ ಕತ್ತರಿಸುತ್ತ ಕೂತಿದ್ದಳು. ಅಲ್ಲೊಂದು ರೂಢಿಯಿತ್ತು. ಅರ ಹಾಕುವವರು ಸಂಜೆ ತಾವು ಕೂತ ಜಾಗವನ್ನು ತಾವೇ ಗುಡಿಸಿ ಆ ಪುಡಿಯನ್ನು, ಅವರ ಮಾತಿನಲ್ಲಿ ಬುರಾದಾ, ಒಂದು ಚಿಂದಿಯಲ್ಲಿ ಕಟ್ಟಿಕೊಂಡು ಹೋಗಬಹುದು. ಅದು ಅವರ ಹಕ್ಕು. ಅದನ್ನು ಕೂಡಿಟ್ಟು ತಂದುಕೊಟ್ಟರೆ ಬೇಗಂ ಕರಗಿಸಲು ಕೊಳ್ಳುತ್ತಿದ್ದಳು.

"ಬಾರಪ್ಪಾ ಸಾಹೇಬ," ಎಂದಳು ಬೇಗಂ. "ಜಸ್ತ ಸಿಕ್ಕದಂತ, ಮೊದಲ ನಮಗೇ ಕೊಡು. ಮತ್ತ ನಿಮ್ಮಕ್ಕಗ ಕೇಳು, ಈ ವರ್ಸ ಬುರಾದಾ ಒಮ್ಮಿನೂ ವಾಪಸ್ ತಂದಿಲ್ಲ ಅಕಿ. ಅದರಾಗ ಮನಿ ಕಟ್ಟಸ್ಲಕತ್ತಾಳೇನು?"

ಬೇಗಂ ನಕ್ಕಳು. ಏಕನಾಥನೂ ನಗಬೇಕಾಯಿತು.

ಮೈಲೂರಿನ ಕೋಣೆಯಲ್ಲಿ ಜಿಜಾಬಾಯಿ ಅನ್ನಕ್ಕೆ ಇಟ್ಟಿದ್ದಳು. ತಮ್ಮನನ್ನು ಕಂಡು ಮುಖ ಅರಳಿತು. ಅವನು ಚಪ್ಪಲಿ ಕಳೆಯದೆ ಬಾಗಿಲಲ್ಲೇ ನಿಂತದ್ದು ನೋಡಿ ಹಾಗೆಯೇ ಮುದುಡಿತು.

"ಬುರಾದಾ ಎಲ್ಲಿ ಹೋಯ್ತು ಅಕ್ಕಾ?"

ಅವಳು ಸುಳ್ಳು ಹೇಳಲಿಲ್ಲ. ಒಲೆಯ ಉರಿ ಸಣ್ಣಗೆ ಮಾಡಿ, ಕೈ ಒರೆಸಿಕೊಂಡು, ಗೋಡೆಗೆ ಒರಗಿ ಕೂತಳು.

"ನೀನೇ ಹೇಳಿಕೊಟ್ಟಿದ್ದೋ. ಒಂದು ಕಣ ಬಿದ್ರ ಮಣ್ಣು ಸುಳ್ಳು ಹೇಳ್ತದ ಅಂದಿ. ಪಂಢರಿ ಬಂದು ಕೂತಿದ್ದ. ಶೇವಂತಾಬಾಯಿ ಮೊಮ್ಮಗನ್ನ ಎತ್ಕೊಂಡು ಗಂಟು ಕಟ್ಲಕತ್ತಿದ್ಲು. ನಾ ನೋಡಲಾರದ ಹೋದೆ. ನೀ ಎಲ್ಲಿ ಸಿಗ್ತದ ಅಂತ ಗೆರಿ ಎಳದಿದ್ದಿ, ಆ ಮಣ್ಣಿಗೇ ಚಿಟಿಕಿ ಚಿಟಿಕಿ ಹಾಕೀನಿ. ಬ್ಯಾರೆ ಕಡಿ ಹಾಕಿಲ್ಲ. ನಿನ್ನ ಮಾತು ಖರೆ ಆಗ್ಲಿ ಅಂತ."

"ನನ್ನ ಮಾತು ಖರೆ ಆಗ್ಲಿ ಅಂತ?" ಏಕನಾಥನ ದನಿ ಕೋಣೆಯ ಆಚೆಗೂ ಕೇಳಿಸಿತು. "ನನ್ನ ಮಾತಿಗಿ ಮಣ್ಣು ಹಾಕಿದಿ ಅಕ್ಕಾ! ಇಷ್ಟು ವರ್ಸ ಓದಿದ್ದು, ಮಂದಿ ನಕ್ಕದ್ದು ಸಹಿಸ್ಕೊಂಡಿದ್ದು, ಎಲ್ಲಾ ನೀ ಒಂದು ಚಿಟಿಕಿನಾಗ ಮುಗಿಸಿದಿ. ಬ್ಯಾರೆ ಯಾರರ ಮಾಡಿದ್ರ ಕಾಲ ಮುರೀತಿದ್ದೆ. ನೀ ಮಾಡೀದಿ ಅಂದ್ರ ನಾ ಏನು ಮಾಡ್ಲಿ?"

"ಎಂಟು ದಿನ ತಡಿ," ಎಂದಳು ಅವಳು. "ಮಶಿನು ಹೆಂಗೂ ಇಳದದ. ತೂತು ಮುಗೀಲಿ. ಸಿಗಲಿಲ್ಲ ಅಂದ್ರ ಸಿಗಲಿಲ್ಲ ಅಂತ ಹೇಳಿ ಬಿಡು. ಯಾರಿಗಿ ಗೊತ್ತಾಗ್ತದ? ಅಲ್ಲೀ ತನಕ ಮಂದಿಗಿ ನೀರು ಅನ್ನ ಆಗ್ತದ."

"ಸಿಗಲಿಲ್ಲ ಅಂದ್ರ?" ಏಕನಾಥ ಅವಳ ಮುಖವನ್ನೇ ನೋಡಿದ. ಆ ಮಾತನ್ನು ಅವಳು ಎಷ್ಟು ಸಹಜವಾಗಿ ಹೇಳಿದ್ದಳು! "ಸಿಗ್ತದ ತಮ್ಮಾ ಸಿಗ್ತದ ಅಂತಿದ್ದಿಯಲ್ಲ ಅಕ್ಕಾ. ನೀ ಅಂದಿ ಅಂದ್ರ ಇದ್ದೇ ಇರ್ತದ ಅಂತಿದ್ದಿ."

ಜಿಜಾಬಾಯಿ ಒಲೆಯ ಕಡೆ ಮುಖ ತಿರುಗಿಸಿದಳು.

"ಹಸದ ಕೂಸು ಅಳ್ಲಕತ್ರ ಅನ್ನ ಆಗ್ಲಕತ್ತದ, ಈಗ ಆಗ್ತದ, ಅಂತ ಹೇಳೂದಿಲ್ಲೇನೋ? ಹಂಗ ಅಂದೀನಿ."

ಏಕನಾಥನಿಗೆ ಪುಡಿ ಹಾಕಿದ್ದು ಅಷ್ಟು ನೋಯಲಿಲ್ಲ, ಈ ಮಾತು ನೋಯಿಸಿತು. ಅವಳು ಎಂದೂ ನಂಬಿರಲಿಲ್ಲ. ಕಣ್ಣು ದೊಡ್ಡದು ಮಾಡಿ ಕೇಳಿದ್ದು, ತಲೆ ಸವರಿದ್ದು, ಊರ ಮುಂದೆ ಎದೆ ತಟ್ಟಿದ್ದು, ಎಲ್ಲವೂ ಅಳುವ ಕೂಸಿಗೆ ಹೇಳಿದ ಮಾತು. ಜಗತ್ತಿನಲ್ಲಿ ತನ್ನನ್ನು ನಂಬಿದವಳು ಇವಳೊಬ್ಬಳಿದ್ದಾಳೆ ಎಂದು ಅವನು ಇಷ್ಟು ದಿನ ತಲೆಯೆತ್ತಿ ತಿರುಗಿದ್ದ. ಅವಳೂ ಇರಲಿಲ್ಲ. ಅನ್ನ ಉಕ್ಕಿ ಒಲೆಗೆ ಸುರಿಯಿತು, ಇಬ್ಬರೂ ಏಳಲಿಲ್ಲ.

ಅಲ್ಲಿಂದ ನೇರ ಅಂಚೆ ಕಚೇರಿಗೆ ಹೋಗಿ ಭಾಲ್ಕಿಗೆ ತಂತಿ ಕೊಟ್ಟ. ಮಣ್ಣಿನ ಮಾದರಿಗಳು ಕಲಬೆರಕೆಯಾಗಿವೆ, ಫಲಿತಾಂಶ ನಂಬಬೇಡಿ, ಬನ್ನಿ. ಅಕ್ಕನ ಹೆಸರು ಬರೆಯಲಿಲ್ಲ. ಒಂದು ದಿನ ತಡೆದು ಯೋಚಿಸಬಹುದಿತ್ತು. ಆದರೆ ಅವನ ಸಿಟ್ಟಿಗೆ ತಡೆಯುವ ಮನಸ್ಸಿರಲಿಲ್ಲ. ಪ್ರಾಮಾಣಿಕತೆಯೂ ಇತ್ತು, ಸಿಟ್ಟೂ ಇತ್ತು. ಯಾವುದು ಹೆಚ್ಚಿತ್ತು ಎಂದು ಕೇಳಿದ್ದರೆ ಅವನಿಗೇ ಹೇಳಲು ಬರುತ್ತಿರಲಿಲ್ಲ.

ಚಿಂಚವಾಡಿಗೆ ಮರಳಿದಾಗ ಮುಜೀಬೋದ್ದೀನ ಯಂತ್ರದ ಮೇಲಿನಿಂದಲೇ ಕೈ ಬೀಸಿದ.

"ಸಾಬ್, ಕಲ್ಲಿನ ಬಣ್ಣ ಬದಲಾಗ್ಲಕತ್ತದರಿ! ಕರಿಕಲ್ಲು ಮುಗೀಲಕ್ಕ ಬಂತು."

ಏಕನಾಥ ಹೂಂ ಎಂದಷ್ಟೇ ಹೇಳಿದ. ಸುಳ್ಳು ಮಣ್ಣನ್ನು ನಂಬಿ ತೋಡಿದ ತೂತಿನಲ್ಲಿ ಅವನಿಗೆ ಇನ್ನೇನೂ ಬೇಕಿರಲಿಲ್ಲ. ಆದರೂ ಸೋಮವಾರ ಬೆಳಿಗ್ಗೆ ಕಾಲುಗಳು ತಾವಾಗಿ ಯಂತ್ರದ ಕಡೆ ನಡೆದವು. ಕೊಳವೆಯನ್ನು ಮೇಲೆತ್ತಿ, ಬಡಿದು, ಒಳಗಿನ ಕಲ್ಲಿನ ಕೋಲನ್ನು ಹಲಗೆಯ ಮೇಲೆ ಜಾರಿಸಿದರು. ಮೊದಲು ಕರಿಕಲ್ಲಿನ ಒಂದು ಗೇಣು. ಆಮೇಲೆ ಬೂದು ಬಣ್ಣದ, ಪದರ ಪದರವಾದ ಕಲ್ಲು. ಏಕನಾಥ ಮೊಣಕಾಲೂರಿದ. ಜೇಬಿನಿಂದ ಸಣ್ಣ ಬಾಟಲಿ ತೆಗೆದು ಅದರ ಮೇಲೆ ಆಮ್ಲದ ಒಂದು ಹನಿ ಬಿಟ್ಟ. ಚುರ್ ಎಂದು ನೊರೆ ಎದ್ದಿತು. ಸುಣ್ಣಗಲ್ಲು. ಹಳೆಯ ಸಮುದ್ರದ ತಳ.

ಕೆಳಗಿನ ಪದರಕ್ಕೆ ಬಂದಾಗ ಕೋಲು ಪುಡಿಪುಡಿಯಾಗಿತ್ತು. ಆ ಪುಡಿಯಲ್ಲಿ ಚೂರುಗಳು ಹೊಳೆದವು. ನೀಲಿ ಬೆರೆತ ಬೂದು ಹೊಳಪು, ಚೌಕ ಚೌಕ ಮುಖಗಳು, ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ. ಸೀಸದ ಅದಿರು. ಏಕನಾಥ ಅದನ್ನು ಮುಂಗೈ ಮೇಲೆ ಉಜ್ಜಿ ನೋಡಿದ, ಬಿಸಿಲಿಗೆ ಹಿಡಿದು ನೋಡಿದ. ಕಣ್ಣಲ್ಲಿ ನೀರು ಬಂತು. ಇದಕ್ಕೆ ಯಾವ ಕೈಯೂ ಸೋಂಕಿರಲಿಲ್ಲ. ಅವನ ಕಣ್ಣೆದುರೇ ಕೊಳವೆಯಿಂದ ಜಾರಿ ಬಿದ್ದಿತ್ತು. ಅವನು ಹೇಳಿದ್ದು ನಿಜವಾಗಿತ್ತು, ಎಲ್ಲಿ ಹೇಳಿದ್ದನೋ ಅಲ್ಲಿಯೇ ನಿಜವಾಗಿತ್ತು.

"ಏನರಿ ಸಾಬ್ ಅದು?" ಎಂದು ಮುಜೀಬೋದ್ದೀನ ಕೇಳುವ ಹೊತ್ತಿಗೇ ಹಳ್ಳದ ಆಚೆ ಶಿವರಾಜಪ್ಪನವರ ಜೀಪು ಧೂಳೆಬ್ಬಿಸುತ್ತ ಬಂತು.

ಶಿವರಾಜಪ್ಪನವರು ಕೆಟ್ಟ ಮನುಷ್ಯರಲ್ಲ. ಹಲಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಸುಣ್ಣಗಲ್ಲನ್ನು ಮುಟ್ಟಿದರು, ತಲೆಯಾಡಿಸಿದರು. ಹೊಳೆಯುವ ಚೂರುಗಳನ್ನು ಅಂಗೈಗೆ ಹಾಕಿಕೊಂಡು ಉರುಳಿಸಿದರು.

"ಸುಣ್ಣಗಲ್ಲು ಅದ, ಒಪ್ಪಿದೆ. ಆದ್ರ ಇದು ಸುರಮಾ ಕಲ್ಲರಿ ಏಕನಾಥ, ಅದೂ ಸೀಸದ ಅದಿರೇ. ಬೀದರ ಚೌಬಾರಾದಾಗ ಅತ್ತಾರ ಅಂಗಡಿಗೆ ಹೋಗಿ ಬೊಗಸಿ ಒಡ್ಡಿದ್ರ ಬೇಕಾದಷ್ಟು ಕೊಡ್ತಾರ, ಅರದು ಕಣ್ಣಿಗಿ ಹಚ್ಚಲಿಕ್ಕ."

"ಸರ್, ನನ್ನ ಎದುರಿಗೇ ಬಂತು. ಪೈಪಿನಿಂದ. ಮುಜೀಬನೂ ನೋಡ್ಯಾನ."

"ಮುಜೀಬ ಬೀದರದಾಂವ, ನೀವೂ ಬೀದರದಾವರು." ಶಿವರಾಜಪ್ಪನವರು ಎದ್ದು ನಿಂತರು. "ಕಲ್ಲಿನಾಗ ಗಟ್ಟಿ ಕೂತು ಬಂದಿದ್ರ ಒಂದು ಮಾತು. ಪುಡಿಯಾಗಿ ಬಂದದ. ಪುಡಿನಾಗ ಯಾರು ಏನು ಬೇಕಾದ್ದು ಬೆರಸಬಹುದು. ಮಣ್ಣು ಕಲಬೆರಕಿ ಅಂತ ನೀವೇ ಬರದು ಕೊಟ್ಟೀರಿ. ಹಿಂದೇ ಸೀಸ ಸಿಕ್ತು ಅಂತೀರಿ. ನಾ ನಂಬಿದೆ ಅಂತೇ ತಿಳೀರಿ, ಹೈದರಾಬಾದನಾಗ ಯಾರು ನಂಬತಾರ?"

"ಇನ್ನೊಂದು ತೂತು ಕೊರೀರಿ ಸರ್. ನೀವೇ ನಿಂತು ಕೊರಸ್ರಿ. ನಾ ಊರು ಬಿಟ್ಟು ಹೋಗ್ತೇನಿ ಬೇಕಾದ್ರ."

"ಕೊರಿಯೂದು ನನ್ನ ಕೈಯಾಗಿಲ್ಲ." ಅವರು ದನಿ ತಗ್ಗಿಸಿದರು. "ಮಣ್ಣಿನಾಗ ಬೆರಸಿದವ್ರು ಯಾರು, ಅದರ ಹೇಳ್ರಿ. ಹೆಸರು ಸಿಕ್ರ ನಿಮ್ಮನ್ನ ಉಳಸ್ತೇನಿ."

ಏಕನಾಥ ಕ್ಯಾಂಪಿನ ಕಡೆ ನೋಡಿದ. ಜಿಜಾಬಾಯಿ ಅಂದು ಬೆಳಿಗ್ಗೆಯೇ ಬೀದರದಿಂದ ಬಂದಿದ್ದಳು, ಬಾಗಿಲಲ್ಲಿ ನಿಂತಿದ್ದಳು. ಬಾಯಿ ಬಿಟ್ಟರೆ ಅವನು ಉಳಿಯುತ್ತಿದ್ದ.

"ಗೊತ್ತಿಲ್ಲ ಸರ್," ಎಂದ.

"ಹಂಗಾದ್ರ ನೀವೇ ಅಂತ ಆಗ್ತದ," ಎಂದರು ಶಿವರಾಜಪ್ಪನವರು. ಅದನ್ನು ಹೇಳುವಾಗ ಅವರ ಮುಖದಲ್ಲೂ ಸಂಕಟವಿತ್ತು.

ತೂತಿಗೆ ಸಿಮೆಂಟು ಸುರಿದು ಮುಚ್ಚಿದರು. ಕಲ್ಲಿನ ಕೋಲುಗಳನ್ನೂ ಪುಡಿಯನ್ನೂ ಶಿವರಾಜಪ್ಪನವರ ಆಳುಗಳು ಹಳ್ಳಕ್ಕೆ ಸುರಿದು ಕಂದಕದ ಮಣ್ಣು ಎಳೆದರು. ಯಂತ್ರ ಹೋಯಿತು, ಅದರ ಹಿಂದೆ ಟ್ಯಾಂಕರು ಹೋಯಿತು. ಏಕನಾಥನ ನೌಕರಿಯೂ ಹೋಯಿತು. ಅವನ ಜೇಬಿನಲ್ಲಿ ಉಳಿದದ್ದು ಆ ಸೋಮವಾರ ಬಿಸಿಲಿಗೆ ಹಿಡಿದು ನೋಡಿದ ಒಂದು ಚೂರು. ಎಲ್ಲ ಮುಗಿದ ಮೇಲೆ ಹೊರತೆಗೆದು ನೋಡಿದರೆ ಅದರ ಒಂದು ಅಂಚಿಗೆ ಬೂದು ಸುಣ್ಣಗಲ್ಲು ಕೂದಲೆಳೆಯಷ್ಟು ಅಂಟಿಕೊಂಡಿತ್ತು. ಸುರಮಾ ಮಾರುವವನ ಹತ್ತಿರ ಅಂಥದು ಸಿಗುವುದಿಲ್ಲ. ಎಂದಾದರೂ ಯಾರಾದರೂ ಒಬ್ಬ ಸರಿಯಾದ ಮನುಷ್ಯ ಅದನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಾಕು ಎಂದು ಏಕನಾಥ ಅದನ್ನು ಜೋಪಾನ ಮಾಡಿದ.

ಊರಿಗೆ ಪುಡಿಯ ಕಥೆ ತಿಳಿಯಲಿಲ್ಲ. ಹುಡುಗ ಹುಡುಕಿದ, ಸಿಗಲಿಲ್ಲ, ಕಂಪನಿ ಹೋಯಿತು, ಇಷ್ಟೇ ಅವರಿಗೆ ಗೊತ್ತಾದದ್ದು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಗಂಟು ಕಟ್ಟಿದರು. ಕಬ್ಬಿನ ಹಂಗಾಮು ಮುಗಿಯುತ್ತ ಬಂದಿತ್ತು, ಒಳ್ಳೆಯ ಸಕ್ಕರೆ ಕಾರಖಾನೆಗಳಲ್ಲಿ ಆಳುಗಳು ಎಂದೋ ತುಂಬಿದ್ದರು. ಪಂಢರಿ ಬೇಡಿಸಿಕೊಂಡು, ಕಾಲು ಹಿಡಿಸಿಕೊಂಡು, ಎಲ್ಲೋ ದೂರದ ಕಾಲುವೆ ಕೆಲಸಕ್ಕೆ ಒಯ್ಯಲು ಒಪ್ಪಿದ.

ಹೊರಡುವ ದಿನ ಏಕನಾಥ ಭಾಲ್ಕಿ ಸ್ಟೇಷನ್ನಿಗೆ ಹೋದ. ಅಕ್ಕನೊಡನೆ ಆ ಶನಿವಾರದಿಂದ ಮಾತು ಬಿಟ್ಟಿದ್ದ. ಈಗ ನೋಡಿದರೆ ಊರಿನವರ ಗುಂಪಿನ ನಡುವೆ ಅವಳೂ ಗಂಟಿನ ಮೇಲೆ ಕೂತಿದ್ದಳು.

"ನೀ ಎಲ್ಲಿಗಿ?"

"ನನ್ನ ಮಾತಿಗಿ ನಿಂತ ಮಂದಿ," ಎಂದಳು ಜಿಜಾಬಾಯಿ. "ಅವರ ಸಂಗಟ ನಾನೂ ಹೋಗ್ತೇನಿ. ಬೇಗಂಗ ಹೇಳಿ ಬಂದೀನಿ."

ಸಿಟ್ಟು ಹಾಗೆಯೇ ಇತ್ತು. ಇವಳು ತನ್ನನ್ನು ನಂಬದೆ ಹೀಗೆ ರೈಲು ಹತ್ತಕೂಡದು ಎನ್ನಿಸಿತು ಏಕನಾಥನಿಗೆ. ಬೇರೆ ಯಾರು ನಂಬದಿದ್ದರೂ ನಡೆದೀತು, ಇವಳು ನಂಬಬೇಕು. ಇವಳು ಒಮ್ಮೆ ಹೌದು ಅಂದರೆ ಉಳಿದದ್ದನ್ನೆಲ್ಲ ನುಂಗಿಕೊಂಡೇನು ಎಂದುಕೊಂಡ. ಜೇಬಿನಿಂದ ಆ ಚೂರು ತೆಗೆದು ಅವಳ ಅಂಗೈ ಮೇಲಿಟ್ಟ.

"ಸಿಕ್ಕಿತ್ತು ಅಕ್ಕಾ. ಕರಿಕಲ್ಲಿನ ಬುಡಕ. ನಾ ಹೇಳಿದ ಜಾಗಾದಾಗೇ ಸಿಕ್ಕಿತ್ತು. ಯಾರೂ ನಂಬಲಿಲ್ಲ."

ಜಿಜಾಬಾಯಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ತಮ್ಮನ ಮುಖ ನೋಡಿದಳು. ಅವಳ ಕಣ್ಣುಗಳು ಮೊದಲಿನಂತೆ ದೊಡ್ಡವಾದವು, ಆಮೇಲೆ ತುಂಬಿ ಬಂದವು. ಸುತ್ತ ಯಾರೂ ಕೇಳುತ್ತಿಲ್ಲವೆಂದು ನೋಡಿಕೊಂಡು ಬಗ್ಗಿ ಪಿಸುಗುಟ್ಟಿದಳು.

"ಸುರಮಾ ಎಲ್ಲಿ ತಂದ್ಯೋ ತಮ್ಮಾ? ಚೌಬಾರಾದಾಗೇನು?"

ಏಕನಾಥ ಚೂರಿಗೆ ಕೈ ಚಾಚಿದ, ಅವಳು ಮುಷ್ಟಿ ಮುಚ್ಚಿಕೊಂಡಳು.

"ನಮ್ಮ ಮಂದಿ ಸಲುವಾಗಿ ನೀನೂ ಇಟ್ಟಿ ಹೌದಿಲ್ಲೋ? ನನಗ ಅಷ್ಟು ಬೈದು ಹೋಗಿ, ಕಡೀಕ ನೀನೂ ಇಟ್ಟಿ!" ಹೆಮ್ಮೆಯಿಂದ ಅವನ ಗಲ್ಲ ಸವರಿದಳು. "ಮೊದಲೇ ಇಟ್ಟಿದ್ರ ಆಗ್ತಿತ್ತು. ಇರ್ಲಿ. ಇದು ನಿನ್ನ ಹಂತ್ಯಾಕ ಇರೂದು ಬ್ಯಾಡ, ಯಾರರ ನೋಡಿದ್ರ ಪೊಲೀಸರಿಗಿ ಕೊಡ್ತಾರ."

ರೈಲು ಬಂತು. ಗುಂಪೆಲ್ಲ ಎದ್ದು ನುಗ್ಗಿತು, ಶೇವಂತಾಬಾಯಿ ಮೊಮ್ಮಗನನ್ನು ಕಿಟಕಿಯಿಂದ ಒಳಗೆ ತೂರಿಸಿದಳು. ಆ ಗದ್ದಲದಲ್ಲಿ ಜಿಜಾಬಾಯಿ ಚೂರನ್ನು ಸೆರಗಿನ ತುದಿಗೆ ಕಟ್ಟಿ, ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿಬಿಟ್ಟಳು. ಏಕನಾಥ ಅಕ್ಕಾ, ಅದು ಕೊಡು, ಎಂದು ಕೂಗುತ್ತ ಡಬ್ಬಿಯ ಜೊತೆ ಓಡಿದ. ಅವಳು ಕಿಟಕಿಯಿಂದ ಕೈ ಬೀಸಿದಳು, ಏನೂ ಚಿಂತೆ ಮಾಡಬೇಡ ಎನ್ನುವಂತೆ ಸೊಂಟದ ಗಂಟನ್ನು ತಟ್ಟಿ ತೋರಿಸಿದಳು.

"ಹೊಳಿ ದಾಟೂ ಮುಂದ ನೀರಿಗಿ ಒಗದು ಬಿಡ್ತೀನೋ!" ಎಂದು ಕೂಗಿ ಹೇಳಿದಳು. ರೈಲು ಕಮಲನಗರದ ಕಡೆ ಹೊರಳಿ ಕಣ್ಮರೆಯಾಗುವ ತನಕ ಏಕನಾಥ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕೈ ಚಾಚಿಕೊಂಡೇ ನಿಂತಿದ್ದ.